ನಲವತ್ತು ತಾಸಿನ ರಿಜಿಸ್ಟರು

ಎಂಎಸ್ಸಿ ಸೈಕಾಲಜಿ ಮುಗಿಸಿ, ಅದೂ ಸಾಲದೆಂದು ಹಿಮಾಯತ್‌ನಗರದ ಸಂಸ್ಥೆಯೊಂದರಲ್ಲಿ ಕೌನ್ಸೆಲಿಂಗ್ ಡಿಪ್ಲೊಮಾಕ್ಕೆ ಸೇರಿದ್ದೆ. 2005ರ ಹೈದರಾಬಾದಿನಲ್ಲಿ ಆರು ತಿಂಗಳು ಕಂಪ್ಯೂಟರ್ ಕಲಿತವರನ್ನು ಕರೆದು ಕೆಲಸ ಕೊಡುತ್ತಿದ್ದರು. ನನ್ನನ್ನು ಮಾತ್ರ ಕೇಳುವವರಿರಲಿಲ್ಲ. ಕೂಕಟ್‌ಪಲ್ಲಿಯ ಮನೆಯಲ್ಲಿ ಅವ್ವ ರೊಟ್ಟಿ ಬಡಿಯುತ್ತಲೇ ಚುಚ್ಚುತ್ತಿದ್ದಳು.

"ಮಂದಿ ಮಾತು ಕೇಳಾಕ ಇಷ್ಟ ವರ್ಷ ಓದಬೇಕೇನ ಸ್ನೇಹಾ? ನಾ ಓದಲಾರದನ ಇಡೀ ಓಣಿದು ಕೇಳೀನಿ."

ಡಿಪ್ಲೊಮಾ ಕೈಗೆ ಬರಬೇಕಾದರೆ ನಲವತ್ತು ತಾಸು ಕೌನ್ಸೆಲಿಂಗ್ ಮಾಡಿದ ದಾಖಲೆ ಬೇಕಿತ್ತು. ಪ್ರತಿ ತಾಸಿಗೂ ಬಂದವರ ಹೆಸರು, ಸಹಿ. ಕೊನೆಗೆ ಕಂಪನಿಯ ಮೊಹರು. ಯಾವ ಪುಣ್ಯಾತ್ಮನ ತಲೆಗೆ ಹೊಳೆದ ನಿಯಮವೋ! ಮನಸ್ಸಿಗೆ ಹುಷಾರಿಲ್ಲ ಎಂದು ಯಾರಾದರೂ ಸಹಿ ಮಾಡಿ ಕೊಡುತ್ತಾರೆಯೇ? ರಿಜಿಸ್ಟರನ್ನು ಶನಿವಾರ ಒಪ್ಪಿಸಿದರೆ ಡಿಪ್ಲೊಮಾ, ಅದಿದ್ದರೆ ಸೋಮವಾರ ಆಸ್ಪತ್ರೆಯೊಂದರಲ್ಲಿ ಸಂದರ್ಶನ.

ಗಚ್ಚಿಬೌಲಿಯ ಸಾಫ್ಟ್‌ವೇರ್ ಕಂಪನಿಯೊಂದರ ಎಚ್‌ಆರ್ ಮ್ಯಾನೇಜರ್ ಪ್ರಾಣೇಶ ನಮ್ಮ ರಾಯಚೂರಿನವರು. ಊರಿನ ಹುಡುಗಿ ಎಂದು ಅಭ್ಯಾಸಕ್ಕೆ ಒಂದು ಕೋಣೆ ಕೊಟ್ಟಿದ್ದರು, ತಮ್ಮ ಚೇಂಬರಿನ ಪಕ್ಕದಲ್ಲೇ, ಗಾಜಿನ ಬಾಗಿಲಿನದು. ಅಲ್ಲಿಗೆ ಯಾರು ಬರುತ್ತಾರೆ? ನಾಲ್ಕು ತಿಂಗಳು ನೊಣ ಹೊಡೆಯುತ್ತ ಕೂತೆ. ಸಂಕಟ ಇದ್ದವರು ನನ್ನನ್ನು ಹಿಂದಿನ ಮೆಟ್ಟಿಲಿಗೆ ಕರೆಯುತ್ತಿದ್ದರು. ತೆಲುಗಿನಲ್ಲಿ, ಹಿಂದಿಯಲ್ಲಿ ಮನಸಾರೆ ಅಳುತ್ತಿದ್ದರು. ರಿಜಿಸ್ಟರು ತೆಗೆದ ಕೂಡಲೇ ಕಣ್ಣೊರೆಸಿಕೊಂಡು ಎದ್ದು ಹೋಗುತ್ತಿದ್ದರು.

ಬೀದರಿನ ರೇಣುಕಾ ಅಲ್ಲಿ ಟೀಮ್ ಲೀಡರ್. ತನ್ನ ಕೈಯಿಂದ ಏನೋ ತಪ್ಪಾಗುತ್ತದೆ ಎಂಬ ಭಯದಲ್ಲಿ ನಿದ್ದೆ ಬಿಟ್ಟಿದ್ದಳು. ವಾರಕ್ಕೆ ಎರಡು ಮೂರು ಸಲ ಅದೇ ಮೆಟ್ಟಿಲಿಗೆ ಬಂದು ಕನ್ನಡದಲ್ಲಿ ಎಲ್ಲ ಹೇಳಿಕೊಂಡು, ಈಗ ಚೇತರಿಸಿಕೊಂಡಿದ್ದಳು. ಹೊಸ ಪ್ರಾಜೆಕ್ಟನ್ನು ಅವಳಿಗೇ ವಹಿಸುವ ಮಾತು ನಡೆದಿತ್ತು. ಗಡುವಿನ ಹಿಂದಿನ ದಿನ, ಶುಕ್ರವಾರ, ಖಾಲಿ ರಿಜಿಸ್ಟರಿನ ಮುಂದೆ ಕೂತಿದ್ದ ನನ್ನನ್ನು ನೋಡಿ ಅವಳಿಗೆ ತಡೆಯಲಾಗಲಿಲ್ಲ.

"ತರ್ರಿ ಅಕ್ಕಾರ, ನಾ ಸಹಿ ಮಾಡ್ತೀನಿ. ನಾ ಬಂದ ತಾಸ ನಲವತ್ತು ಆಗ್ತಾವ. ನಿಮ್ಮ ಕಾಲೇಜಿನವರಷ್ಟ ನೋಡ್ತಾರಲ್ಲ?"

"ಹೂಂ," ಎಂದೆ.

ಪ್ರಾಣೇಶರೇ ಮೊಹರು ಹಾಕಬೇಕು ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು. ನಲವತ್ತು ಸಹಿ ಮುಗಿದ ಮೇಲೂ ಅದನ್ನು ಅವಳಿಗೆ ಹೇಳಲಿಲ್ಲ.

ಸಂಜೆ ತಮ್ಮ ಚೇಂಬರಿನಲ್ಲಿ ಪ್ರಾಣೇಶ ಪುಟ ತಿರುವಿದರು. ಮತ್ತೆ ಮೊದಲಿಂದ ತಿರುವಿದರು.

"ಎಲ್ಲಾ ರೇಣುಕಾನ ಏನ್ರಿ? ಛಲೋ ಆತು ತೋರಿಸಿದ್ರಿ. ಇಂಥಾಕಿ ಕೈಯಾಗ ಪ್ರಾಜೆಕ್ಟ್ ಕೊಡಾಕ ಹೊಂಟಿದ್ವಿ."

"ಸರ್, ಅಕಿ ಈಗ ಭಾಳ ಆರಾಮ ಅದಾಳ್ರಿ. ನಿಮ್ಮ ಎಲ್ಲಾರಕಿಂತ ಗಟ್ಟಿ ಅದಾಳ!"

ಅವರು ನಗುತ್ತ ಮೊಹರು ಒತ್ತಿ ರಿಜಿಸ್ಟರನ್ನು ನನ್ನ ಕಡೆ ಸರಿಸಿದರು. ಹರಿದು ಹಾಕಬೇಕೆನ್ನುವಷ್ಟು ಸಿಟ್ಟು ಬಂತು. ಆದರೂ ಎದೆಗವಚಿಕೊಂಡು ಹಿಮಾಯತ್‌ನಗರಕ್ಕೆ ಒಯ್ದು ಒಪ್ಪಿಸಿದೆ.

ಕೆಲಸ ಸಿಕ್ಕಿತು. ಆಸ್ಪತ್ರೆಗೆ ಸೇರಿದ ಎರಡನೆಯ ವಾರ ರೇಣುಕಾ ಹುಡುಕಿಕೊಂಡು ಬಂದಳು. ಕಣ್ಣ ಕೆಳಗೆ ಮತ್ತೆ ಕಪ್ಪಾಗಿತ್ತು.

"ಪ್ರಾಜೆಕ್ಟ್ ಬ್ಯಾರೆಯವರಿಗೆ ಕೊಟ್ರು ಅಕ್ಕಾರ. ಎಲ್ಲಿ ತಪ್ಪಿದೆ ಅಂತ ತಿಳಿವಲ್ದು. ನಿದ್ದಿ ಹೋಗೇತಿ. ನಿಮ್ಮ ಮುಂದ ಬಿಟ್ರ ಯಾರ ಮುಂದ ಹೇಳ್ಲಿ?"

ಕೂರಲು ಹೇಳಿದೆ. ಒಂದು ತಾಸು ಅವಳು ತನ್ನ ತಪ್ಪು ಹುಡುಕುತ್ತಲೇ ಇದ್ದಳು. ನಾನು ಕೇಳುತ್ತಲೇ ಇದ್ದೆ.