ಉಬ್ಬರದ ಹೊತ್ತಿಗೆ ಪಬ್ಬಿನಲ್ಲಿ

ಲಂಡನ್ನಿನ ಥೇಮ್ಸ್ ದಡದ ಹಳೆಯ ಪಬ್ಬುಗಳನ್ನು ವಿಧುರ ಸಿರಿಲ್ ಭಾನುವಾರಕ್ಕೊಂದರಂತೆ ವಿಧವೆ ಮೇವಿಸ್‌ಗೆ ತೋರಿಸುತ್ತಾ ಬಂದಿದ್ದ. ಮದುವೆಯ ಮಾತು ಮಾತ್ರ ಪ್ರತಿ ಸಲವೂ ಬಿಯರಿನ ಜೊತೆಗೇ ಗಂಟಲಿಳಿದು ಹೋಗುತ್ತಿತ್ತು. ಇದು ಕೊನೆಯ ಪಬ್ಬು. ಮುಂದಿನ ಭಾನುವಾರಕ್ಕೆ ನೆಪವೇ ಉಳಿದಿರಲಿಲ್ಲ.

ಅಷ್ಟರಲ್ಲಿ ಸಮುದ್ರದ ಉಬ್ಬರಕ್ಕೆ ನದಿಯೂ ಉಬ್ಬಿ ಹೊಸ್ತಿಲಿಗೆ ಬಂತು. “ನೀರಿಳಿಯೋವರೆಗೂ ಯಾರೂ ಹೊರಗೆ ಹೋಗೋ ಹಾಗಿಲ್ಲ!” ಎಂದು ಪಬ್ಬಿನ ಒಡತಿ ಕೂಗಿದಳು.

“ಅಯ್ಯೋ, ಇವತ್ತು ದೊಡ್ಡ ಉಬ್ಬರ ಅನ್ನೋದೇ ಮರ್ತುಹೋಯ್ತು,” ಎಂದ ಸಿರಿಲ್.

“ಸುಳ್ಳ! ಬೇಕಂತ್ಲೇ ಈ ಹೊತ್ತಿಗೆ ಕರ್ಕೊಂಡು ಬಂದಿದೀಯ,” ಎಂದಳು ಮೇವಿಸ್. “ನಮ್ಮಪ್ಪ ಇದೇ ನದೀಲಿ ದೋಣಿ ನಡೆಸ್ತಿದ್ದ. ಉಬ್ಬರ ಯಾವಾಗ ಅಂತ ನಂಗೊತ್ತಿಲ್ವಾ?”

“ಮತ್ತೆ ಯಾಕೆ ಬಂದೆ?”

“ಇವತ್ತಾದ್ರೂ ನೀನು ತಪ್ಪಿಸ್ಕೊಂಡು ಓಡೋಕಾಗಲ್ಲ ಅಂತ. ಬೇಗ ಕೇಳು ಮಾರಾಯ!”

ಸಿರಿಲ್ ಕೇಳಿದ. ನೀರಿಳಿದು ದಾರಿ ಒಣಗಿದರೂ ಇಬ್ಬರೂ ಏಳಲಿಲ್ಲ.