ವಾಯಿದೆ ಬೇಡದ ದಿನ

ಬೆಳ್ತಂಗಡಿ ತಾಲೂಕು ಕಚೇರಿಯ ಮೆಟ್ಟಿಲಿಳಿಯುವಾಗ ಸಂಕಪ್ಪನ ಕಿಸೆಯಲ್ಲಿ ಒಂದು ನಕಲು ಪತ್ರವಿತ್ತು. ವೇಣೂರು ಪಟೇಲರ ಹಳೆಯ ಜನನ ಪುಸ್ತಕದಿಂದ ಇಳಿಸಿ ಮೊಹರು ಒತ್ತಿದ ನಕಲು: ‘ತಾಯಿ ಜಲಜಾಕ್ಷಿ, ಗಂಡು ಮಗು, 15 ಮಾರ್ಚ್ 1942.’ ಹೆಸರಿನ ಕಾಲಂ ಖಾಲಿ. ಮಗುವಿಗೆ ಹೆಸರಿಡುವ ಮೊದಲೇ ಪಟೇಲರು ಬರೆದುಕೊಂಡು ಹೋಗಿದ್ದರು.

ಇವತ್ತು 1963ರ ಮಾರ್ಚ್ ಹದಿಮೂರು, ಬುಧವಾರ. ಭೋಜನಿಗೆ ಇಪ್ಪತ್ತೊಂದು ತುಂಬುವುದು ನಾಡಿದ್ದು, ಶುಕ್ರವಾರ.

ಭೋಜ ಬಂಟ್ವಾಳದ ಬೀಡಿ ಡಿಪೋವೊಂದರ ಬೀಗ ಒಡೆದು ಎರಡು ಕಟ್ಟು ಬೀಡಿ ಹೊತ್ತೊಯ್ದವನು. ಕೋರ್ಟಿನಲ್ಲಿ ಒಪ್ಪಿಕೊಂಡೂ ಇದ್ದ. ಹೊಸ ಕಾನೂನಿನಂತೆ, ಅಪರಾಧಿಯೆಂದು ತೀರ್ಮಾನವಾಗುವ ದಿನ ಇಪ್ಪತ್ತೊಂದು ತುಂಬದವನನ್ನು ಸುಮ್ಮನೆ ಜೈಲಿಗೆ ಹಾಕುವ ಹಾಗಿಲ್ಲ. ತುಂಬಿದ್ದರೆ ಆ ರಕ್ಷಣೆಯಿಲ್ಲ. ಮಂಗಳೂರು ಜೈಲಿನಲ್ಲಿ ಪಳಗಿದ ಕಳ್ಳರ ಮಗ್ಗುಲಲ್ಲಿ ಚಾಪೆ.

ಜಾಮೀನು ಅರ್ಜಿಯಲ್ಲಿ ‘ಪ್ರಾಯ 21’ ಎಂದು ಬರೆದವನು ಸ್ವತಃ ಸಂಕಪ್ಪ, ಕೇಶವಪ್ರಸಾದ ವಕೀಲರ ಗುಮಾಸ್ತ. ಶಾಲೆಯ ಸರ್ಟಿಫಿಕೇಟು ನೋಡಿ ಬರೆದಿದ್ದ. ಹುಡುಗನನ್ನು ಬೇಗ ಸೇರಿಸಿಕೊಳ್ಳಲು ಮಾಸ್ತರರು ಒಂದು ವರ್ಷ ಏರಿಸಿದ್ದರೆಂದು ಜಲಜಾಕ್ಷಿ ಹೇಳಿದ್ದು ನಿನ್ನೆ ಸಂಜೆ. “ತಾರೀಕು ನನಗೆಲ್ಲಿ ಗೊತ್ತುಂಟು ಗುಮಾಸ್ತರೇ? ಹೆತ್ತದ್ದು ವೇಣೂರಿನ ತವರಲ್ಲಿ. ಚೊಚ್ಚಲ ಅಲ್ವಾ.” ಸಂಕಪ್ಪನಿಗೆ ಅನ್ನ ಸೇರಿರಲಿಲ್ಲ. ಒಂದು ಮಾತು ಕೇಳಿದ್ದರೆ ಸಾಕಿತ್ತು.

ಮೂರು ಗಂಟೆಗೆ ಬಂಟ್ವಾಳ ಕೋರ್ಟಿನಲ್ಲಿ ತೀರ್ಪು. ಬಸ್ಸು ಹೊರಟ ಮೇಲೆ ಹೊಸ ಹೆದರಿಕೆ ಹತ್ತಿತು. ತಾನು ಮುಟ್ಟದಿದ್ದರೆ ವಕೀಲರು ಮೂವತ್ತು ವರ್ಷ ಮಾಡಿದ್ದನ್ನೇ ಮಾಡುತ್ತಾರೆ: ವಾಯಿದೆ ಕೇಳುತ್ತಾರೆ. ಸಾಕ್ಷಿ ಬಂದರೂ ವಾಯಿದೆ, ಬಾರದಿದ್ದರೂ ವಾಯಿದೆ. ಇವತ್ತು ಕೇಸು ಒಂದು ವಾರ ಮುಂದೆ ಹೋಯಿತೋ, ಭೋಜ ಕೆಟ್ಟ.

ಪುಂಜಾಲಕಟ್ಟೆಯಲ್ಲಿ ಬಸ್ಸು ಹೊಗೆಯೆಬ್ಬಿಸಿ ಕೆಟ್ಟು ನಿಂತಿತು. ಸಂಕಪ್ಪ ಕೊಡೆ ಕಂಕುಳಿಗೇರಿಸಿ ಓಡತೊಡಗಿದ. ಹಿಂದಿನಿಂದ ಹಾರ್ನು. ಹಂಚಿನ ಲಾರಿಯ ಡ್ರೈವರ್ ಇದಿನಬ್ಬ.

“ಗುಮಾಸ್ತರೇ, ಹಾಗೆ ಓಡಿದ್ರೆ ನಾಳೆ ಮುಟ್ಟುವಿರಿ. ಹತ್ತಿ.”

“ಬೇಗ ಹೋಗುವ ಇದಿನಬ್ಬ. ಮೂರಕ್ಕೆ ಕೋರ್ಟು.”

“ಎಂಥ ಅವಸರ? ಕಳ್ಳ ನೀವೇನಾ?”

“ಒಂದು ರೀತಿಯಲ್ಲಿ ಹೌದು ಮಾರಾಯ. ಒಬ್ಬನ ಒಂದು ವರ್ಷ ಕದ್ದಿದ್ದೇನೆ.”

ಇದಿನಬ್ಬ ಅವನ ಮುಖ ನೋಡಿ ನಗು ನಿಲ್ಲಿಸಿದ. “ಹಾಗಾದ್ರೆ ಗಟ್ಟಿ ಹಿಡ್ಕೊಳ್ಳಿ.” ತಿರುವುಗಳಲ್ಲಿ ಹಂಚುಗಳು ಹಲ್ಲು ಕಡಿದಂತೆ ಸದ್ದು ಮಾಡಿದವು.

ಕೋರ್ಟಿನ ಬಾಗಿಲಿಗೆ ಬರುವಾಗ ವಕೀಲರ ಸ್ವರ ಕೇಳಿಸಿತು. “ಒಂದೇ ವಾರ ವಾಯಿದೆ ದಯಪಾಲಿಸಬೇಕು ಸ್ವಾಮಿ.”

ಮ್ಯಾಜಿಸ್ಟ್ರೇಟರ ಪೆನ್ನು ಕಾಗದ ಮುಟ್ಟುವುದರಲ್ಲಿತ್ತು.

“ಬೇಡ ಸ್ವಾಮಿ!”

ಗುಮಾಸ್ತ ಬಾಯಿ ತೆರೆಯುವ ಜಾಗವಲ್ಲ ಅದು. ಇಡೀ ಕೋರ್ಟು ತಿರುಗಿತು.

“ತಲೆ ಸರಿ ಉಂಟಾ ಸಂಕಪ್ಪ?” ವಕೀಲರು ಪಿಸುಗುಟ್ಟಿದರು.

ಸಂಕಪ್ಪ ನಕಲನ್ನು ಅವರ ಕೈಗೆ ತುರುಕಿ ತಾರೀಕಿನ ಮೇಲೆ ಬೆರಳಿಟ್ಟ. ವಕೀಲರ ತುಟಿ ಅಲುಗಿತು, ಬೆರಳು ಎಣಿಸಿತು. ಅವರು ಗಂಟಲು ಸರಿಮಾಡಿಕೊಂಡರು.

“ವಾಯಿದೆ ಬೇಡ ಸ್ವಾಮಿ. ಇವತ್ತೇ ತೀರ್ಮಾನವಾಗಬೇಕು.”

“ನೀವು ಹಾಗೆ ಹೇಳಿದ್ದನ್ನು ದಾಖಲೆ ಮಾಡಿಕೊಳ್ಳಬೇಕು ವಕೀಲರೇ,” ಎಂದರು ಮ್ಯಾಜಿಸ್ಟ್ರೇಟರು. ಬೆಂಚುಗಳಲ್ಲಿ ನಗು. ನಕಲು ಓದಿ ಹುಬ್ಬು ಗಂಟಿಕ್ಕಿದರು. “ಇದರಲ್ಲಿ ಹೆಸರಿಲ್ಲ. ಇವನೇ ಎಂದು ಹೇಗೆ?”

ಮೂಲೆಯಲ್ಲಿದ್ದ ಜಲಜಾಕ್ಷಿ ಎದ್ದು ನಿಂತಳು. “ನಾನು ಹೆತ್ತದ್ದು ಇವನೊಬ್ಬನನ್ನೇ ಸ್ವಾಮಿ.”

“ಮತ್ತೆ ಅರ್ಜಿಯಲ್ಲಿ ಇಪ್ಪತ್ತೊಂದು ಎಂದು ಬರೆದವರು ಯಾರು?”

ಸಂಕಪ್ಪ ಒಂದು ಹೆಜ್ಜೆ ಮುಂದೆ ಬಂದ. “ನಾನು ಸ್ವಾಮಿ. ತಾಯಿಯನ್ನು ಕೇಳದೆ ಬರೆದೆ.”

ಮ್ಯಾಜಿಸ್ಟ್ರೇಟರು ಅರ್ಜಿ ಮುಂದೆ ತಳ್ಳಿದರು. “ಇಲ್ಲಿಯೇ ತಿದ್ದಿ, ಸಹಿ ಹಾಕಿ.” ಸಂಕಪ್ಪ 21ನ್ನು ಹೊಡೆದು 20 ಎಂದು ಬರೆದ, ಸೊನ್ನೆ ಗುಂಡಗೆ ಬರಲಿಲ್ಲ. ಮ್ಯಾಜಿಸ್ಟ್ರೇಟರು ತೀರ್ಪು ಹೇಳಿದರು: “ಆರೋಪಿ ಅಪರಾಧಿ, ಇಂದಿನ ದಿನ ಇಪ್ಪತ್ತರವನು. ಜೈಲಿಗೆ ಕಳಿಸುವುದಿಲ್ಲ. ಒಳ್ಳೆಯ ನಡತೆಯ ಮುಚ್ಚಳಿಕೆಯ ಮೇಲೆ ಬಿಡುತ್ತೇನೆ. ಅದಕ್ಕೆ ಪ್ರೊಬೇಷನ್ ಅಧಿಕಾರಿಯ ವರದಿ ಬೇಕು. ಎರಡು ವಾರ ವಾಯಿದೆ.”

“ನೋಡು,” ವಕೀಲರು ಕರಿ ಕೋಟು ಕೊಡವಿದರು, “ಕಡೆಗೂ ಸಿಕ್ಕಿತು.”

ಹೊರಗೆ ಜಗಲಿಯಲ್ಲಿ ಜಲಜಾಕ್ಷಿ ನಕಲನ್ನು ಇನ್ನೊಮ್ಮೆ ಓದಿಸಿಕೊಂಡಳು. ಭೋಜ ತಲೆ ತಗ್ಗಿಸಿ ಬಂದು ನಿಂತ.

“ಸಂಕಪ್ಪಣ್ಣ, ಹುಟ್ಟಿದ ದಿನ ಗೊತ್ತಾಯಿತಲ್ಲ. ಶುಕ್ರವಾರ ಪಾಯಸ ಮಾಡ್ತಾರಂತೆ ಅಮ್ಮ. ಬರ್ತೀರಾ?”

“ಬರ್ತೇನೆ,” ಎಂದ ಸಂಕಪ್ಪ. ಆಗಲೇ ಅವನಿಗೆ ಹಸಿವೆಯಾದದ್ದು.