ಆ ಗೋಡೆ ನಂದು

ಮನೆ ಖಾಲಿ ಮಾಡಲು ಮಾಲೀಕ ಮೂರು ತಿಂಗಳ ಗಡುವು ಕೊಟ್ಟಿದ್ದ. ಸೊಸೆಯ ಗಂಡ ಲಾರಿ ಓಡಿಸುವವನು, ತಿಂಗಳಲ್ಲಿ ಇಪ್ಪತ್ತು ದಿನ ದಾರಿಯಲ್ಲೇ. "ನೀವಿಬ್ರೂ ಒಪ್ಪಿದ್ದೇ ಮನೆ" ಎಂದು ಫೋನಿನಲ್ಲೇ ಕೈತೊಳೆದುಕೊಂಡ. ಹುಡುಕಾಟ ಬಟ್ಟೆ ಹೊಲಿಯುವ ಸೊಸೆ ಮತ್ತು ಅವಳ ಅತ್ತೆಯ ಪಾಲಿಗೆ ಬಂತು. ಅತ್ತೆಗೆ ಕಣ್ಣು ಹೋಗಿ ಎರಡು ವರ್ಷ. ಆದರೂ ಸೊಸೆ ಹೊಲಿದ ಅಂಗಿಗಳಿಗೆಲ್ಲ ಗುಂಡಿ ತೂರಿಸುವ ಕಾಜಾ ಹಾಕುವವಳು ಅವಳೇ. ಉಗುರಿನಿಂದ ಅಳೆದು ಹಾಕಿದ ಆ ಕಾಜಾಗಳಲ್ಲಿ ಒಂದೂ ಓರೆಯಾದದ್ದಿಲ್ಲ.

ಸೊಸೆಯ ಮನಸ್ಸು ಹಳ್ಳಿಯಲ್ಲಿ ಬಾಡಿಗೆಗಿದ್ದ ಒಂದು ಮನೆಯ ಮೇಲಿತ್ತು. ಎರಡು ಮೆಷಿನ್ನು, ಬಟ್ಟೆ ಕತ್ತರಿಸುವ ದೊಡ್ಡ ಮೇಜು ಹಾಕಿದರೂ ಜಾಗ ಉಳಿಯುವ ಕೋಣೆ, ದಿನವಿಡೀ ಬೆಳಕು. ಅತ್ತೆಗೂ ವಾಹನಗಳ ಕಾಟವಿಲ್ಲ ಎಂದುಕೊಂಡಿದ್ದಳು.

ನೋಡಲು ಹೋದ ದಿನ ಅತ್ತೆ ಅಂಗಳಕ್ಕಿಳಿದು ಹತ್ತು ಹೆಜ್ಜೆ ಹಾಕಿ ನಿಂತಳು. ಕೋಲು ಚಾಚಿದರೆ ಎಡಕ್ಕೂ ಬಲಕ್ಕೂ ಏನೂ ತಾಗಲಿಲ್ಲ. ಸದ್ದೂ ಇಲ್ಲ. ಮನೆ ಯಾವ ಕಡೆ ಎಂಬುದೇ ತಪ್ಪಿಹೋಯಿತು. ಪಕ್ಕದ ಮನೆಯಾಕೆ ಓಡಿಬಂದು ಕೈಹಿಡಿದಳು.

"ಅಯ್ಯೋ ಅಜ್ಜಿ, ನೀವ್ಯಾಕೆ ಎದ್ರಿ? ಇಲ್ಲಿಗೆ ಬಂದ್ಮೇಲೆ ಸುಮ್ನೆ ಕೂತಿರಿ, ಎಲ್ಲಾ ನಾವ್ ನೋಡ್ಕೋತೀವಿ."

ಒಳ್ಳೆಯ ಹೆಂಗಸು. ಆದರೆ ಅತ್ತೆ ಮೆಲ್ಲಗೆ ಕೈ ಬಿಡಿಸಿಕೊಂಡಳು.

ಮರುದಿನ ಪೇಟೆಯ ಮನೆ. ಇಕ್ಕಟ್ಟು ಬೀದಿ, ಎರಡೇ ಕೋಣೆ. ಮೇಜು ಹಾಕಿದರೆ ಮನುಷ್ಯರು ಅದರ ಕೆಳಗೆ ಮಲಗಬೇಕು. ಸೊಸೆ ಟೇಪು ಹಿಡಿದು ಗೊಣಗುತ್ತಿರುವಾಗ ಅತ್ತೆ, "ನೂಲು ಮುಗ್ದಿದೆ, ತರ್ತೀನಿ" ಎಂದು ಹೊರಟೇಬಿಟ್ಟಳು.

"ಅಂಗಡಿ ಎಲ್ಲಿದೆ ಗೊತ್ತಾ ಅತ್ತೆ?"

"ಬಾಯಿ ಇದ್ಯಲ್ಲೇ, ಕೇಳ್ತೀನಿ."

ಸೊಸೆ ಸದ್ದಾಗದಂತೆ ಚಪ್ಪಲಿ ಕೈಯಲ್ಲಿ ಹಿಡಿದು ಇಪ್ಪತ್ತು ಹೆಜ್ಜೆ ಹಿಂದೆ ನಡೆದಳು. ಅತ್ತೆಯ ಎಡಗೈ ಗೋಡೆಯ ಮೇಲೇ ಇತ್ತು. ಬೇಕರಿಯ ಒಲೆಯ ಬಿಸಿ ಮುಖಕ್ಕೆ ಬಡಿದಲ್ಲಿ ನಿಂತು ದಾರಿ ಕೇಳಿದಳು. "ಪಾತ್ರೆ ಬಡಿಯೋ ಸದ್ದು ದಾಟಿದ್ರೆ ಎಡಕ್ಕೆ" ಎಂದರು ಒಳಗಿನಿಂದ. ತಿರುವಿನಲ್ಲಿ ಗೋಡೆಗೊತ್ತಿ ನಿಲ್ಲಿಸಿದ್ದ ಬೈಕಿಗೆ ಅವಳ ಮೊಣಕಾಲು ಬಡಿಯಿತು. ಸೊಸೆ ಓಡಲು ಹೊರಟವಳು ತಡೆದು ನಿಂತಳು.

"ಏನಮ್ಮಾ, ಕಣ್ಣು ಕಾಣಲ್ವಾ?" ಬೈಕಿನವನು ರೇಗಿದ.

"ಇಲ್ಲಪ್ಪ. ನಿಂಗೆ ಕಾಣುತ್ತಲ್ಲ, ಇಲ್ಲಿ ಯಾಕೆ ನಿಲ್ಸಿದ್ದೀಯ? ಆ ಗೋಡೆ ನಂದು."

ಪಾತ್ರೆ ರಿಪೇರಿಯವನು ಸುತ್ತಿಗೆ ನಿಲ್ಲಿಸಿ ನಕ್ಕ. ಬೈಕಿನವನು ಪೆಚ್ಚಾಗಿ ಗಾಡಿ ಸರಿಸಿದ.

"ನೀನು ನಿಲ್ಲಿಸ್ಬೇಡ, ಬಡೀತಾ ಇರು ಮಾರಾಯ," ಎಂದಳು ಅತ್ತೆ. "ವಾಪಸ್ ಬರೋಕೆ ದಾರಿ ಬೇಕಲ್ಲ ನಂಗೆ."

ನೂಲು ಕೊಂಡು ಅದೇ ಗೋಡೆ ಹಿಡಿದು ಮರಳಿದಳು. ಬೀದಿಯೇ ತನ್ನದೆಂಬ ನಡಿಗೆ. ನಿನ್ನೆ ಅಂಗಳದಲ್ಲಿ ದಿಕ್ಕುತಪ್ಪಿ ನಿಂತ ಮುದುಕಿ ಇವಳೇ ಏನು ಎಂದು ಸೊಸೆ ಬಾಯಿಬಿಟ್ಟು ನೋಡಿದಳು. ಅವಳೆದುರಿಗೆ ಬಂದು ಅತ್ತೆ ನಿಂತಳು.

"ನಿನ್ ಮೆಷಿನ್ ಎಣ್ಣೆ ವಾಸ್ನೆ ಬೀದಿಗೆಲ್ಲಾ ಹೊಡೀತಿದೆ. ಕಾವಲು ಕಾಯೋದಾದ್ರೆ ಸ್ನಾನ ಮಾಡ್ಕೊಂಡು ಬಾರೇ."

ಸೊಸೆಗೆ ನಗುವೂ ನಾಚಿಕೆಯೂ ಒಟ್ಟಿಗೇ ಬಂದವು. "ಇದೇ ಮನೆ ಹಿಡಿಯೋಣ ಅತ್ತೆ."

"ನಿನ್ ಮೇಜು?"

"ಕುಯ್ಸಿದ್ರಾಯ್ತು."

"ಆಮೇಲೆ ನನ್ನಿಂದ ಅನ್ಬೇಡ."

"ಅಂತೀನಿ. ಇಕ್ಕಟ್ಟಾದಾಗೆಲ್ಲಾ ಅಂತೀನಿ."

ಅತ್ತೆ ನಗುತ್ತಾ ಮುಂದೆ ಹೋದಳು. ಸೊಸೆ ಪಕ್ಕದ ಬಡಗಿಯ ಅಂಗಡಿಗೆ ನುಗ್ಗಿ, ಮೇಜು ಒಂದೂವರೆ ಅಡಿ ಕುಯ್ಯಲು ಎಷ್ಟು ಹೊತ್ತು ಬೇಕೆಂದು ಕೇಳಿದಳು. ಅತ್ತೆ ಎಲ್ಲಿಯವರೆಗೆ ಹೋದಳೆಂದು ತಿರುಗಿ ನೋಡಲಿಲ್ಲ.